ಪಡುವಣ ಗಾಳಿಯ ಮರ: ಜಿಂಕೆ ಬೇಟೆಯಲ್ಲಿ ಜಾಗ ಆರಿಸಿದ ಒಂದು ಪ್ರಕರಣ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದ ಒಂದು ಜಮೀನಿನಲ್ಲಿ, ಬಿಲ್ಲು ಬೇಟೆಯ ಒಂದೇ ಋತುವಿನಲ್ಲಿ, ಒಬ್ಬ ಬೇಟೆಗಾರರು ಏಳು ಸಂಜೆ ಅಟ್ಟಣೆ ಏರಿದರು. ಆರು ಸಂಜೆ ಬರಿಗೈಯಲ್ಲಿ ಇಳಿದರು. ಏಳೂ ದಿನ ಮುನ್ಸೂಚನೆ ಹೇಳಿದ ದಿಕ್ಕಿನಿಂದಲೇ ಗಾಳಿ ಬೀಸಿತ್ತು. ಬೇಟೆಗಾರರು ಆ ದಿಕ್ಕನ್ನು ನೋಡಿಯೇ ಜಾಗ ಹಿಡಿದಿದ್ದರು. ಹಾಗಿದ್ದೂ ಜಿಂಕೆಗಳಿಗೆ ವಾಸನೆ ಸಿಕ್ಕಿದ್ದು ಹೇಗೆ, ಏಳರಲ್ಲಿ ಒಂದು ಸಂಜೆ ಸಿಗದೇ ಹೋದದ್ದು ಹೇಗೆ ಎಂಬುದು ಈ ಪ್ರಕರಣ. ಹೆಸರು, ಕೌಂಟಿ, ಜಮೀನಿನ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ.

ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಬೇಟೆ ಅಪರಾಧ. ಮಲೆನಾಡಿನ ಹಳೆಯ ತಲೆಗಳಿಗೆ ‘ಮರಸು ಕೂರುವುದು’ (ಅಡಗಿ ಕೂತು ಬೇಟೆಗೆ ಕಾಯುವುದು) ಎಂಬ ಮಾತು ಗೊತ್ತಿದೆ, ಆದರೆ ಆ ಮಾತು ಈಗ ನೆನಪಿನಲ್ಲಿರಬೇಕಾದದ್ದು ಮಾತ್ರ. ಇಲ್ಲಿ ಹೇಳುತ್ತಿರುವುದು ಪರವಾನಗಿ, ಋತು, ಮಿತಿ ಎಲ್ಲವೂ ಕಾನೂನಿನಲ್ಲೇ ಇರುವ ಅಮೆರಿಕದ ಬಿಳಿಬಾಲದ ಜಿಂಕೆಯ ಬೇಟೆ. ಅಲ್ಲಿ ನೆಲೆಸಿ, ಬೇಟೆಗಾರರ ತರಬೇತಿ ಮುಗಿಸಿ ಬಿಲ್ಲು ಹಿಡಿಯುವ ಕನ್ನಡಿಗರೂ ಇದ್ದಾರೆ. ಈ ಪ್ರಕರಣದ ಬೇಟೆಗಾರರು ಅಂಥವರಲ್ಲೊಬ್ಬರು, ಬಿಲ್ಲಿನಲ್ಲಿ ಅವರಿಗೆ ಎರಡನೇ ವರ್ಷ.

ನೆಲದ ಲಕ್ಷಣ

ಜಮೀನು ಸುಮಾರು 160 ಎಕರೆ. ಆ ಸೀಮೆಯನ್ನು ಡ್ರಿಫ್ಟ್‌ಲೆಸ್ ಪ್ರದೇಶ ಎನ್ನುತ್ತಾರೆ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಮಟ್ಟ ಮಾಡಿದ ಹಿಮನದಿಗಳು ಇದನ್ನು ಬಿಟ್ಟು ಹೋದವು, ಹಾಗಾಗಿ ಕಡಿದಾದ ಗುಡ್ಡ, ಕಿರಿದಾದ ಕಣಿವೆ ಉಳಿದುಕೊಂಡವು. ಗುಡ್ಡದ ನೆತ್ತಿಯಲ್ಲಿ ಹೊಲ, ಇಳಿಜಾರಿನಲ್ಲಿ ಕಾಡು, ಕಣಿವೆಯಲ್ಲಿ ಮತ್ತೆ ಹೊಲ. ಗಾಳಿಯ ಮಟ್ಟಿಗೆ ಇದಕ್ಕಿಂತ ಕಿರಿಕಿರಿಯ ನೆಲ ಸಿಗುವುದು ಕಷ್ಟ.

ಈ ಜಮೀನಿನ ಗುಡ್ಡ ನೈಋತ್ಯದಿಂದ ಈಶಾನ್ಯಕ್ಕೆ ಉದ್ದಕ್ಕೆ ಮಲಗಿದೆ. ನೆತ್ತಿಯಲ್ಲಿ ಮೆಕ್ಕೆಜೋಳ. ಆಗ್ನೇಯಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಓಕ್ ಕಾಡು. ಅದರ ಬುಡದಲ್ಲಿ ಕುದುರೆ ಮಸಾಲೆ ಸೊಪ್ಪಿನ (ಆಲ್ಫಾಲ್ಫಾ ಮೇವಿನ) ಹೊಲ, ಅದರಾಚೆ ತೊರೆ. ನೆತ್ತಿಯಿಂದ ತೊರೆಗೆ ಸುಮಾರು 100 ಮೀಟರ್ ಇಳಿತ. ಇಳಿಜಾರಿನ ಅರ್ಧದಲ್ಲಿ 15 ಮೀಟರ್ ಅಗಲದ ಮಟ್ಟಸವಾದ ಪಟ್ಟಿಯೊಂದು ಗುಡ್ಡದ ಉದ್ದಕ್ಕೂ ಸಾಗುತ್ತದೆ. ಇದನ್ನು ನಡುಮಟ್ಟ ಎನ್ನೋಣ. ನಡುಮಟ್ಟದ ನೈಋತ್ಯ ಕೊನೆಯಲ್ಲಿ ಒಂದು ಕೊರಕಲು ಹುಟ್ಟಿ, ಹೊಲವನ್ನು ಒತ್ತಟ್ಟಿಗೆ ಬಿಟ್ಟು ನೇರ ತೊರೆಗೆ ಇಳಿಯುತ್ತದೆ. ಅದರ ಗೋಡೆ ಮೂರು ಮೀಟರ್ ಎತ್ತರ.

ಉದ್ದೇಶ ದೊಡ್ಡ ಕೊಂಬಿನ ಗಂಡಲ್ಲ. ಬೆಳೆಗೆ ಕಾಟ ಹೆಚ್ಚಾಗಿ ಜಮೀನುದಾರರು ಹೆಣ್ಣು ಜಿಂಕೆ ಕಡಿಮೆಯಾಗಲಿ ಎಂದಿದ್ದರು. ಬೇಟೆಗಾರರ ಬಳಿ ಕೊಂಬಿಲ್ಲದ ಜಿಂಕೆಯ ಟ್ಯಾಗ್, ಅಂದರೆ ಅದನ್ನು ಹೊಡೆಯುವ ಅನುಮತಿ, ಇತ್ತು. ಸುಲಭ ಎಂದುಕೊಂಡವರೇ ಹೆಚ್ಚು. ಆದರೆ ನಾಲ್ಕೈದು ವರ್ಷದ ಹೆಣ್ಣು ಜಿಂಕೆ ತನ್ನ ಮರಿಗಳನ್ನು ಹಿಂದಿಟ್ಟುಕೊಂಡು ಬರುವಾಗ ಅದರ ಮೂಗು ಯಾವ ಗಂಡಿನ ಮೂಗಿಗೂ ಕಡಿಮೆಯಿಲ್ಲ. ಜೊತೆಗೆ ಬರುವ ಮೂರು ನಾಲ್ಕು ಮೂಗುಗಳೂ ಲೆಕ್ಕಕ್ಕೆ ಸೇರುತ್ತವೆ.

ಹೊಲದಂಚಿನ ಮೂರು ಸಂಜೆ

ಮೊದಲ ಜಾಗ ಕುದುರೆ ಮಸಾಲೆ ಹೊಲದ ಅಂಚಿನ ಒಂದು ಓಕ್ ಮರ. ಮೂರು ಜಾಡುಗಳು ಅಲ್ಲೇ ಹೊಲಕ್ಕೆ ಇಳಿಯುತ್ತಿದ್ದವು. ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾದಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸಂಜೆ 5.50ರಿಂದ 6.15ರೊಳಗೆ ಹೆಣ್ಣುಗಳು ಹೊರಬರುವುದು ಕಾಣುತ್ತಿತ್ತು. ವಾಯವ್ಯ ಗಾಳಿಯ ದಿನ ನೋಡಿ ಅವರು ಅಲ್ಲಿ ಕೂತರು.

ಪುಸ್ತಕದ ಪ್ರಕಾರ ಲೆಕ್ಕ ಸರಿಯಾಗಿಯೇ ಇತ್ತು. ಗಾಳಿಯ ಹೆಸರು ಅದು ಬರುವ ದಿಕ್ಕಿನದು. ಕನ್ನಡದಲ್ಲಿ ಪಡುವಣ ಗಾಳಿ, ಮೂಡಣ ಗಾಳಿ ಎನ್ನುವುದೂ ಹಾಗೆಯೇ. ಆದರೆ ಮೊಬೈಲ್ ಆ್ಯಪ್‌ಗಳಲ್ಲಿ ಬಾಣದ ಗುರುತು ಸಾಮಾನ್ಯವಾಗಿ ಗಾಳಿ ಹೋಗುವ ಕಡೆ ತೋರಿಸುತ್ತದೆ, ಹೊಸಬರು ಇಲ್ಲೇ ಎಡವುತ್ತಾರೆ. ಇವರು ಎಡವಲಿಲ್ಲ. ಜಿಂಕೆ ಮಲಗುವುದು ವಾಯವ್ಯಕ್ಕೆ, ಮೇಲೆ. ಗಾಳಿ ಅಲ್ಲಿಂದ ಇವರ ಮುಖಕ್ಕೆ. ಇವರ ವಾಸನೆ ಬೆನ್ನ ಹಿಂದಿನ ಹೊಲದ ಮೇಲೆ ಆಗ್ನೇಯಕ್ಕೆ.

ಮೊದಲ ಸಂಜೆ ಕತ್ತಲಾಗುವವರೆಗೆ ಏನೂ ಬರಲಿಲ್ಲ. ಎರಡನೇ ಸಂಜೆ ಇಳಿಜಾರಿನ ಮೇಲಿಂದ ಜಿಂಕೆಯೊಂದು ಮೂಗಿನಲ್ಲಿ ಫುಸ್ ಎಂದು ಗಾಳಿ ಬಿಟ್ಟಿತು, ಒಂದಲ್ಲ, ಐದಾರು ಸಲ. ಅಪಾಯ ಗೊತ್ತಾಯಿತು ಎಂಬ ಎಚ್ಚರಿಕೆ ಅದು. ಮೂರನೇ ಸಂಜೆ ಬೆಳಕು ಹೋದ ಮೇಲೆ ನಾಲ್ಕು ಜಿಂಕೆ ಹೊಲಕ್ಕಿಳಿದವು. ಅವು ಮೇಯುತ್ತಿರುವಾಗಲೇ ಬೇಟೆಗಾರರು ಮರ ಇಳಿಯಬೇಕಾಯಿತು, ನಾಲ್ಕೂ ಬಾಲ ಎತ್ತಿ ಓಡಿದವು. ಅದಾದ ವಾರದಲ್ಲಿ ಕ್ಯಾಮೆರಾದ ಮೊದಲ ಚಿತ್ರ 7.15ರ ನಂತರದ್ದೇ ಆಯಿತು. ಜಿಂಕೆಗಳು ಹೊಲ ಬಿಟ್ಟಿರಲಿಲ್ಲ, ಹೊತ್ತು ಬದಲಿಸಿದ್ದವು ಅಷ್ಟೆ.

ಎರಡನೇ ಮತ್ತು ಮೂರನೇ ಸಂಜೆಯ ನಡುವೆ ಅವರು ಹಣ ಸುರಿದದ್ದು ವಾಸನೆ ಮುಚ್ಚುವ ಸಾಬೂನು, ಸ್ಪ್ರೇ, ಇದ್ದಿಲು ಪದರದ ಜಾಕೆಟ್ಟಿಗೆ. ಇವುಗಳಿಂದ ವಾಸನೆ ಕೊಂಚ ತಗ್ಗಬಹುದು. ಆದರೆ ಉಸಿರು ಬಿಡುವ, ಬೆವರುವ ಮನುಷ್ಯ ಎರಡು ಗಂಟೆ ಒಂದೇ ಮರದಲ್ಲಿ ಕೂತರೆ ಜಿಂಕೆಯ ಮೂಗಿಗೆ ಅದು ಬೇಕಾದಷ್ಟಾಯಿತು. ರಬ್ಬರ್ ಬೂಟು ಮಾತ್ರ ದುಡ್ಡಿಗೆ ತಕ್ಕ ವಸ್ತು. ನಡೆದ ದಾರಿಯಲ್ಲಿ ವಾಸನೆ ಕಡಿಮೆ ಉಳಿಯುತ್ತದೆ.

ನೆತ್ತಿಯ ಮೇಲೆ

ಹೊಲದಂಚು ಕೆಟ್ಟಿತೆಂದು ಅಕ್ಟೋಬರ್ ನಡುವೆ ಅವರು ಮೇಲಕ್ಕೆ ಹೋದರು. ನೆತ್ತಿಯ ಜೋಳದ ಅಂಚಿನಲ್ಲಿ, ಜಿಂಕೆ ಮಲಗುವ ಜಾಗಕ್ಕಿಂತ ಮೇಲೆ, ಆಗ್ನೇಯ ಗಾಳಿಯ ದಿನ. ಗಾಳಿ ಮಲಗಿದ ಜಿಂಕೆಗಳ ಕಡೆಯಿಂದ ಇವರತ್ತ. ಮತ್ತೆ ಪುಸ್ತಕದ ಲೆಕ್ಕ.

ಆ ಇಳಿಜಾರಿನಲ್ಲಿ ಅಂದು ಒಂದು ಜಿಂಕೆಯೂ ಇರಲಿಲ್ಲ. ಕತ್ತಲಲ್ಲಿ ವಾಪಸು ಬರುವಾಗ ಗುಡ್ಡದ ಇನ್ನೊಂದು ಮಗ್ಗುಲಲ್ಲಿ, ವಾಯವ್ಯ ಇಳಿಜಾರಿನಲ್ಲಿ, ಅವು ದಡಬಡ ಎದ್ದು ಓಡಿದವು.

ಕಾರಣ ಸರಳ. ಗುಡ್ಡನೆಲದಲ್ಲಿ ಬಿಳಿಬಾಲದ ಜಿಂಕೆ ಸಾಮಾನ್ಯವಾಗಿ ಗಾಳಿಯ ಮರೆಬದಿಯ ಮೇಲಿನ ಮೂರನೇ ಒಂದು ಭಾಗದಲ್ಲಿ ಮಲಗುತ್ತದೆ. ನೆತ್ತಿ ದಾಟಿ ಬರುವ ಗಾಳಿ ಬೆನ್ನ ಹಿಂದಿನ ಸುದ್ದಿ ತರುತ್ತದೆ, ಹಗಲು ಬಿಸಿಯಾಗಿ ಕಣಿವೆಯಿಂದ ಮೇಲೇರುವ ಗಾಳಿ ಕೆಳಗಿನ ಸುದ್ದಿ ತರುತ್ತದೆ, ಎದುರಿಗೆ ಕಣ್ಣಿದೆ. ವಾಯವ್ಯ ಗಾಳಿಯಲ್ಲಿ ಮರೆಬದಿ ಎಂದರೆ ಆಗ್ನೇಯ ಇಳಿಜಾರು. ಗಾಳಿ ಆಗ್ನೇಯಕ್ಕೆ ತಿರುಗಿದರೆ ಮರೆಯೂ ಗುಡ್ಡದ ಆಚೆಗೆ ಹೋಗುತ್ತದೆ, ಜಿಂಕೆಯೂ ಹೋಗುತ್ತದೆ. ತನಗೆ ಅನುಕೂಲವಾದ ಗಾಳಿಯನ್ನು ಬೇಟೆಗಾರ ಆರಿಸಿಕೊಂಡಿದ್ದ. ಆ ಗಾಳಿಯಲ್ಲಿ ಜಿಂಕೆ ಅಲ್ಲಿರಲು ಕಾರಣವೇ ಇರಲಿಲ್ಲ. ಈ ಇಡೀ ಪ್ರಕರಣದ ತಿರುಳು ಇಲ್ಲಿದೆ. ಬೇಟೆಗಾರನಿಗೆ ನೂರಕ್ಕೆ ನೂರು ಒಳ್ಳೆಯ ಗಾಳಿ ಜಿಂಕೆಗೆ ಕೆಟ್ಟ ಗಾಳಿ, ಹಾಗಾಗಿ ಅದು ಬರುವುದಿಲ್ಲ. ಜಿಂಕೆಗೆ ತನ್ನ ಮೂಗು ಕೆಲಸ ಮಾಡುತ್ತಿದೆ ಎಂಬ ಧೈರ್ಯ ಬೇಕು. ಇವರ ವಾಸನೆ ಆ ಮೂಗಿನ ಪಕ್ಕದಿಂದ ಕೂದಲೆಳೆಯಲ್ಲಿ ತಪ್ಪಿಹೋಗಬೇಕು.

ಜಮೀನುದಾರರು ಅಂದು ರಾತ್ರಿ ಹೇಳಿದ್ದು ಎರಡೇ ಮಾತು: “ಎರಡು ವಾರ ಕಾಡಿನೊಳಗೆ ಕಾಲಿಡಬೇಡ. ನಾನು ಜೋಳ ಕೊಯ್ಯುವ ದಿನ ಬಾ, ಬಿಲ್ಲು ಮನೆಯಲ್ಲೇ ಇರಲಿ.”

ಎಳೆ ಬಿಟ್ಟು ನೋಡಿದ್ದು

ಋತುವಿನ ಗತಿ ಬದಲಿಸಿದ್ದು ಬೇಟೆಯಾಡದ ಆ ದಿನ. ಅಕ್ಟೋಬರ್ ಕೊನೆಯ ವಾರ, ವಾಯವ್ಯ ಗಾಳಿ ಗಂಟೆಗೆ 13 ಕಿಲೋಮೀಟರ್, ಬಾನು ತಿಳಿ. ನೆತ್ತಿಯಲ್ಲಿ ಕಂಬೈನ್ ಯಂತ್ರ ಜೋಳ ಕೊಯ್ಯುತ್ತಿತ್ತು. ಟ್ರ್ಯಾಕ್ಟರ್, ಕಂಬೈನ್ ಸದ್ದಿಗೆ ಹೊಲದ ಜಿಂಕೆಗಳು ಒಗ್ಗಿರುತ್ತವೆ, ಆ ಗದ್ದಲದಲ್ಲಿ ಒಬ್ಬ ಮನುಷ್ಯ ಇಳಿಜಾರಿನಲ್ಲಿ ಅಡ್ಡಾಡಿದರೆ ಹಾನಿ ಕಡಿಮೆ.

ಗಾಳಿಯ ದಾರಿ ನೋಡಲು ಕೈಯಲ್ಲಿದ್ದದ್ದು ಮಿಲ್ಕ್‌ವೀಡ್ ಗಿಡದ ಎಳೆ. ಇದು ನಮ್ಮ ಎಕ್ಕದ ಸಂಬಂಧಿ. ಎಕ್ಕದ ಕಾಯಿ ಒಣಗಿ ಬಿರಿದಾಗ ಬೀಜಕ್ಕೆ ಅಂಟಿಕೊಂಡು ಹಾರುವ ರೇಷ್ಮೆಯಂಥ ಕುಚ್ಚನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಸ್ತೆ ಬದಿಯ ಗಿಡಗಳಿಂದ ಕಾಯಿ ಕಿತ್ತು, ಕಂದು ಬೀಜ ಬಿಡಿಸಿ ಎಸೆದು, ಎಳೆಯನ್ನಷ್ಟೇ ಸಣ್ಣ ಡಬ್ಬಿಯಲ್ಲಿ ತುಂಬಬೇಕು. ಬೀಜ ಉಳಿದರೆ ಭಾರಕ್ಕೆ ಬೇಗ ಬೀಳುತ್ತದೆ. ಗಾಳಿ ನೋಡಲೆಂದು ಅಂಗಡಿಯಲ್ಲಿ ಮಾರುವ ಪುಡಿಬುಡ್ಡಿ ಒತ್ತಿದರೆ ಪುಡಿ ಎರಡು ಮೀಟರ್ ಹೋಗಿ ಕಣ್ಮರೆ. ಅದು ಮೂಗಿನ ತುದಿಯ ಗಾಳಿಯನ್ನು ಮಾತ್ರ ಹೇಳುತ್ತದೆ. ಎಳೆಯನ್ನು ದುರ್ಬೀನಿನಲ್ಲಿ 60, 80 ಮೀಟರ್ ತನಕ ಹಿಂಬಾಲಿಸಬಹುದು, ಎಲ್ಲಿ ಎದ್ದಿತು, ಎಲ್ಲಿ ಸುತ್ತಿತು, ಎಲ್ಲಿ ಕೂತಿತು ಎಲ್ಲವೂ ಕಾಣುತ್ತದೆ. ಮಳೆಯಲ್ಲಿ ಮಾತ್ರ ಉಪಯೋಗವಿಲ್ಲ.

ಹೊಲದಂಚು, ಇಳಿಜಾರಿನ ಬುಡ, ನಡುಮಟ್ಟದ ಮೂರು ಕಡೆ, ಕೊರಕಲಿನ ತಲೆ, ಅಂಚು, ಬಾಯಿ, ಹೀಗೆ ಸುತ್ತುತ್ತ ಅರ್ಧ ಗಂಟೆಗೊಮ್ಮೆ ಎರಡು ಮೂರು ಎಳೆ ಬಿಟ್ಟು ಬರೆದುಕೊಂಡರು. ಗಡಿಯಾರದ ಹೊತ್ತಿನ ಬದಲು ‘ಸೂರ್ಯಾಸ್ತಕ್ಕೆ ಇಷ್ಟು ನಿಮಿಷ ಮುಂಚೆ’ ಎಂದು ಬರೆದದ್ದು ಜಾಣತನ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಸೂರ್ಯನಿಗೆ ಅದರ ಹಂಗಿಲ್ಲ.

ಹೊಲದಂಚಿನ ಓಕ್ ಮರದಿಂದ ಬಿಟ್ಟ ಎಳೆ ಆಗ್ನೇಯಕ್ಕೆ ಹೋಗಲೇ ಇಲ್ಲ. ಮುನ್ಸೂಚನೆಯಲ್ಲಿ ಹೇಳುವ ಗಾಳಿ ಬಯಲಿನಲ್ಲಿ ನೆಲದಿಂದ ಹತ್ತು ಮೀಟರ್ ಮೇಲಿನದು. ನೂರು ಮೀಟರ್ ಗುಡ್ಡದ ಮರೆಯ ಬುಡದಲ್ಲಿ ಆ ಗಾಳಿ ಇಳಿದು ಬರುವುದಿಲ್ಲ. ನೆತ್ತಿ ದಾಟಿದ ಗಾಳಿ ಕಣಿವೆಯಲ್ಲಿ ಸುರುಳಿ ತಿರುಗಿ ತಳದಲ್ಲಿ ಗುಡ್ಡದ ಕಡೆಗೇ ವಾಪಸು ಬರುತ್ತಿತ್ತು. ಜೊತೆಗೆ ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಮೇಲಕ್ಕೆ ಎಳೆಯುತ್ತಿತ್ತು. ಎಳೆ ಮೆಲ್ಲಗೆ ಮರದಿಂದ ಹೊರಟು, ಜಾಡಿನ ಮೇಲೆ ತೇಲಿ, ನಡುಮಟ್ಟ ಏರಿ, ಜಿಂಕೆ ಮಲಗುವ ಜಾಗದತ್ತ ಹೋಯಿತು. ಮೊದಲ ಎರಡು ಸಂಜೆ ಬೇಟೆಗಾರರು ಬೇಗ ಬಂದು ಕೂತಷ್ಟೂ ಹೆಚ್ಚು ಹೊತ್ತು ತಮ್ಮ ವಾಸನೆಯನ್ನು ಜಿಂಕೆಯ ಹಾಸಿಗೆಗೆ ತಲುಪಿಸಿದ್ದರು.

ಇಳಿಜಾರಿಗೆ ನೆರಳು ಬಿದ್ದ ಮೇಲೆ ಆಟ ತಿರುಗುಮುರುಗು. ತಣಿದ ಗಾಳಿ ಭಾರವಾಗಿ ನೀರಿನಂತೆ ಇಳಿಯುತ್ತದೆ. ಹೊಲದಂಚಿನ ಎಳೆ ಈಗ ಹೊಲಕ್ಕೆ ಜಾರಿ, ನಡುವಿನ ತಗ್ಗಿನಲ್ಲಿ ಎದೆಮಟ್ಟದಲ್ಲಿ ಅಲ್ಲೇ ತೂಗಾಡಿತು. ಜಿಂಕೆ ಮೇಯುವುದು ಆ ತಗ್ಗಿನಲ್ಲೇ. ಅಂದರೆ ಆ ಮರ ಹಗಲು ಹಾಸಿಗೆಗೆ, ಸಂಜೆ ಮೇವಿಗೆ ವಾಸನೆ ಬಡಿಸುವ ಮರ. ಅಲ್ಲಿ ಯಾವ ಗಾಳಿಗೆ ಕೂತರೂ ಅಷ್ಟೆ.

ಕೊರಕಲು ಬೇರೆ ಕಥೆ ಹೇಳಿತು. ಸೂರ್ಯಾಸ್ತಕ್ಕೆ 110 ನಿಮಿಷ ಮುಂಚೆಯೇ ಅದರೊಳಗೆ ನೆರಳು. 85ರಿಂದ 60 ನಿಮಿಷದ ನಡುವೆ ಗಾಳಿ ಸತ್ತಂತೆ, ಎಳೆ ಬಿಟ್ಟಲ್ಲೇ ಸುತ್ತಿ ಕಾಲ ಬಳಿ ಬೀಳುತ್ತಿತ್ತು. 60 ನಿಮಿಷದ ನಂತರ ಕೊರಕಲು ಚರಂಡಿಯಂತೆ ಕೆಲಸ ಮಾಡಿತು. ಅಂಚಿನಲ್ಲಿ ಬಿಟ್ಟ ಎಳೆ ಒಳಗೆ ಧುಮುಕಿ, ಗೋಡೆಗಳ ನಡುವೆ ಹರಿದು, ಹೊಲವನ್ನು ಮುಟ್ಟದೆ ತೊರೆಯ ದಾರಿ ಹಿಡಿಯಿತು.

ಮರದ ಆಯ್ಕೆ

ಹಗಲು ಅಡ್ಡಾಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನಡುಮಟ್ಟದ ಮೇಲೆ ಈಶಾನ್ಯದಿಂದ ನೈಋತ್ಯಕ್ಕೆ ಒಂದು ಜಾಡು. ಹೊಲದಂಚಿನ ಜಾಡುಗಳಷ್ಟು ಆಳವಾಗಿ ತುಳಿದಿರಲಿಲ್ಲ. ಅದು ಕೊರಕಲಿನ ಕಡಿದಾದ ಗೋಡೆಗೆ ಇಳಿಯದೆ, ಅದರ ತಲೆಯನ್ನು ಸುತ್ತುಹಾಕಿ ಆಚೆಗೆ ಹೋಗಿ ಹೊಲದತ್ತ ಬಾಗುತ್ತಿತ್ತು. ಮೂರು ಮೀಟರ್ ಗೋಡೆ ಹಾರಿ ಇಳಿಯುವ ಶ್ರಮ ಜಿಂಕೆಗೂ ಬೇಡ. ಇಂಥ ಸುತ್ತುದಾರಿಯೇ ಬೇಟೆಗಾರನಿಗೆ ಕಂಡಿ.

ಕೊರಕಲಿನ ತಲೆಯ ಕೆಳಗೆ, ಅದರ ಅಂಚಿನಲ್ಲೇ, ಜಾಡಿನಿಂದ 22 ಮೀಟರ್ ಆಗ್ನೇಯಕ್ಕೆ ಒಂದು ಬಿಳಿ ಓಕ್ ಇತ್ತು. ನೋಟ ಏನೇನೂ ಚೆನ್ನಾಗಿಲ್ಲ. ಬಾಣ ಬಿಡಲು ಎರಡು ಸಂದು, ಅಷ್ಟೆ. ಹೊಲದಂಚಿನಲ್ಲಿ 200 ಮೀಟರ್ ಕಾಣುತ್ತಿದ್ದವರಿಗೆ ಇದು ಬಾವಿಯೊಳಗೆ ಕೂತಂತೆ. ಆದರೆ ಗಾಳಿಯ ಲೆಕ್ಕ ಇಲ್ಲಿ ಕೂಡಿಬಂತು.

ಲೆಕ್ಕ ಹೀಗೆ. ಮರವನ್ನು ನಡುವೆ ಇಟ್ಟುಕೊಳ್ಳಿ. ಜಿಂಕೆ ಈಶಾನ್ಯದಿಂದ ಬಂದು, ವಾಯವ್ಯಕ್ಕೆ 22 ಮೀಟರ್ ದೂರದಲ್ಲಿ ಹಾದು, ನೈಋತ್ಯಕ್ಕೆ ಹೋಗುತ್ತದೆ. ನೈಋತ್ಯ ಗಾಳಿಯಾದರೆ ಜಿಂಕೆಗೆ ಹಬ್ಬ, ನೇರ ಮೂಗಿಗೆ ಬರುತ್ತದೆ. ಆದರೆ ಮನುಷ್ಯನ ವಾಸನೆ ಅದೇ ಜಾಡಿನ ಗುಂಟ ಈಶಾನ್ಯಕ್ಕೆ ಹರಡಿ ನೂರು ಮೀಟರ್ ಮೊದಲೇ ಸಿಕ್ಕಿಬೀಳುತ್ತದೆ. ಈಶಾನ್ಯ ಗಾಳಿಯಾದರೆ ಮನುಷ್ಯನಿಗೆ ಸುರಕ್ಷಿತ, ಜಿಂಕೆಗೆ ಬೆನ್ನ ಗಾಳಿ, ಮುಂದೇನಿದೆ ಗೊತ್ತಾಗದ್ದರಿಂದ ಅದು ಆ ದಾರಿ ಹಿಡಿಯುವುದು ಕಡಿಮೆ. ಪಡುವಣ ಗಾಳಿಯಾದರೆ? ಜಿಂಕೆಗೆ ಗಾಳಿ ಮುಂದಿನಿಂದ ಓರೆಯಾಗಿ, ಬಲಗೆನ್ನೆಗೆ ತಾಗುತ್ತದೆ, ಮುಂದಿರುವುದು ಗೊತ್ತಾಗುತ್ತಿದೆ ಎಂಬ ಧೈರ್ಯ ಇರುತ್ತದೆ. ಮನುಷ್ಯನ ವಾಸನೆ ನೇರ ಪೂರ್ವಕ್ಕೆ. ಜಿಂಕೆ ಬರುವ ಜಾಡಿಗೂ ಆ ವಾಸನೆಯ ದಾರಿಗೂ ನಡುವೆ 45 ಡಿಗ್ರಿಗಿಂತ ಹೆಚ್ಚಿನ ಅಂತರ. ವಾಸನೆ ಒಂದು ಗೆರೆಯಂತೆ ಹೋಗುವುದಿಲ್ಲ, ಮೊರದಂತೆ ಅಗಲವಾಗುತ್ತದೆ. ಎರಡೂ ಬದಿಗೆ ಇಪ್ಪತ್ತು ಡಿಗ್ರಿ ಬಿಟ್ಟರೂ ಇಲ್ಲಿ ಜಾಗ ಉಳಿಯುತ್ತದೆ. ಸಂಜೆಯಾದಂತೆ ಕೊರಕಲು ಆ ಮೊರವನ್ನು ಇನ್ನೂ ದಕ್ಷಿಣಕ್ಕೆ, ಜಾಡಿನಿಂದ ದೂರಕ್ಕೆ ಎಳೆಯುತ್ತದೆ.

ದಿಕ್ಸೂಚಿಯ ಲೆಕ್ಕದಲ್ಲಿ (ಉತ್ತರ 0, ಪಡುವಣ 270) ಗಾಳಿ ಬರುವ ದಿಕ್ಕು 260ರಿಂದ 320 ಡಿಗ್ರಿಯೊಳಗಿದ್ದರೆ ಈ ಮರ. 250ಕ್ಕಿಂತ ಕೆಳಗಿಳಿದರೆ ಇಲ್ಲ. ವೇಗ ಗಂಟೆಗೆ 11ರಿಂದ 20 ಕಿಲೋಮೀಟರ್. 8ಕ್ಕಿಂತ ಕಡಿಮೆಯಿದ್ದರೆ ದಿಕ್ಕು ಎಂಬುದೇ ನಾಮಕಾವಸ್ತೆ, ಇಳಿಜಾರಿನ ಬಿಸಿ ತಂಪೇ ಯಜಮಾನ.

ಅಟ್ಟಣೆಯನ್ನು ಐದು ಮೀಟರ್ ಎತ್ತರಕ್ಕೆ ಕಟ್ಟಿದರು. ನೆಲದಿಂದಲೇ ಸೇಫ್ಟಿ ಹಾರ್ನೆಸ್, ಮರಕ್ಕೆ ಸುತ್ತಿದ ಬೆಲ್ಟ್, ಬಿಲ್ಲನ್ನು ಹಗ್ಗದಲ್ಲಿ ಆಮೇಲೆ ಮೇಲಕ್ಕೆಳೆಯುವುದು. ಇದರಲ್ಲಿ ರಿಯಾಯಿತಿ ಇಲ್ಲ. ಎತ್ತರ ಹೆಚ್ಚಿಸಿದರೆ ವಾಸನೆ ಜಿಂಕೆಯ ತಲೆ ಮೇಲೆ ಹಾದುಹೋಗುತ್ತದೆ ಎಂಬ ನಂಬಿಕೆ ಚಾಲ್ತಿಯಲ್ಲಿದೆ. ಸಮನೆಲದಲ್ಲಿ ಹತ್ತಿರದ ಜಿಂಕೆಗೆ ಒಂದಿಷ್ಟು ನಿಜ. ಇಳಿಜಾರಿನಲ್ಲಿ ಐದು ಮೀಟರ್ ಮೇಲಿನ ಮನುಷ್ಯ ಹದಿನೈದು ಹೆಜ್ಜೆ ಮೇಲ್ಬದಿಯ ಜಿಂಕೆಯ ಮೂಗಿಗೆ ಸರಿಸಮನಾಗಿ ಕೂತಿರುತ್ತಾನೆ.

ಹೋದ ದಿನ, ಹೋಗದ ದಿನ

ನವೆಂಬರ್ 5. ಗಾಳಿ 280 ಡಿಗ್ರಿ, 14 ಕಿಲೋಮೀಟರ್. ಎಲ್ಲ ಸರಿ. ಆದರೆ ಉತ್ಸಾಹದಲ್ಲಿ ಮಧ್ಯಾಹ್ನ 1.45ಕ್ಕೇ ಕೊರಕಲಿನ ಮೂಲಕ ಹತ್ತಿ ಕೂತರು. 2.30ಕ್ಕೆ ನಡುಮಟ್ಟದ ಮೇಲಿಂದ ಫುಸ್ ಎಂಬ ಸದ್ದು. ಬಿಸಿಲಿರುವಾಗ ಕೊರಕಲು ಚರಂಡಿಯಲ್ಲ, ಹೊಗೆಗೂಡು. ತಮ್ಮದೇ ಟಿಪ್ಪಣಿಯಲ್ಲಿ ಇದ್ದ ಸಂಗತಿ ಅದು, ಸಂಜೆಯ ಸಾಲು ಮಾತ್ರ ಓದಿಕೊಂಡಿದ್ದರು.

ಇಲ್ಲಿ ಒಂದು ಒಳ್ಳೆಯ ತೀರ್ಮಾನ ಆಯಿತು. ಕತ್ತಲವರೆಗೆ ಕೂತು ನೋಡೋಣ ಎನ್ನದೆ ಕೂಡಲೇ ಇಳಿದು ಬಂದ ದಾರಿಯಲ್ಲೇ ಹೋದರು. ಕೂತಿದ್ದರೆ ಇನ್ನಷ್ಟು ಜಿಂಕೆಗಳಿಗೆ ಆ ಮರದ ಗುರುತು ಸಿಗುತ್ತಿತ್ತು.

ನವೆಂಬರ್ 7 ಇನ್ನೂ ಕಷ್ಟದ ದಿನ. ಮರುದಿನ ಚಳಿಯ ಅಲೆ ಬರುವುದಿತ್ತು. ಅದಕ್ಕೆ ಮುಂಚಿನ ಸಂಜೆ ಜಿಂಕೆ ಚೆನ್ನಾಗಿ ಓಡಾಡುತ್ತದೆ, ಗಂಡುಗಳ ಮದದ ಕಾಲವೂ ಅದೇ. ಆದರೆ ಗಾಳಿ 225 ಡಿಗ್ರಿ, ನೇರ ನೈಋತ್ಯ. ನಡುಮಟ್ಟದ ಕ್ಯಾಮೆರಾ ಅಂದು ಹಗಲು ಬೆಳಕಿನಲ್ಲೇ ಆರು ಜಿಂಕೆ ತೋರಿಸಿತು. ಬೇಟೆಗಾರರು ಮನೆಯಲ್ಲೇ ಉಳಿದರು. ಹೋಗಿದ್ದರೆ ಆ ಆರಕ್ಕೂ ಒಂದೇ ಸಂಜೆಯಲ್ಲಿ ವಾಸನೆ ಸಿಗುತ್ತಿತ್ತು, ಎರಡು ದಿನದ ನಂತರ ನಡೆದದ್ದು ನಡೆಯುತ್ತಿರಲಿಲ್ಲ. ಜಾಗದ ಆಯ್ಕೆಯಲ್ಲಿ ‘ಇಂದು ಬೇಡ’ ಎನ್ನುವುದೂ ಸೇರಿದೆ ಎಂಬುದನ್ನು ಒಪ್ಪುವ ಬೇಟೆಗಾರರು ಕಡಿಮೆ, ರಜೆ ಹಾಕಿ ಬಂದವರಂತೂ ಒಪ್ಪುವುದೇ ಇಲ್ಲ.

ನವೆಂಬರ್ 9. ಗಾಳಿ 270ರಿಂದ 280, ವೇಗ 14, ತಿಳಿ ಬಾನು. ಸೂರ್ಯಾಸ್ತ 4.45ರ ಸುಮಾರಿಗೆ. 2.55ಕ್ಕೆ ಕೊರಕಲಿಗೆ ನೆರಳು ಬಿದ್ದ ಮೇಲೆ ತೊರೆಯ ನೀರಿನಲ್ಲೇ ನಡೆದು ಬಂದು, ಕೊರಕಲು ಹತ್ತಿ, 3.20ಕ್ಕೆ ಮರದ ಮೇಲೆ. ಇಪ್ಪತ್ತೈದು ನಿಮಿಷ ಗಾಳಿ ಸತ್ತಿತ್ತು, ಆ ಹೊತ್ತಿನಲ್ಲಿ ಅಲುಗಾಡದೆ ಕೂತರು. 3.50ಕ್ಕೆ ಬಿಟ್ಟ ಎಳೆ ಕೊರಕಲಿನೊಳಗೆ ಜಾರಿತು.

4.15ಕ್ಕೆ ಈಶಾನ್ಯದಿಂದ ನಾಲ್ಕು ಬಂದವು. ಮುಂದೆ ದೊಡ್ಡ ಹೆಣ್ಣು, ಹಿಂದೆ ಇನ್ನೊಂದು ಬೆಳೆದ ಹೆಣ್ಣು, ಎರಡು ಆ ವರ್ಷದ ಮರಿ. ದೊಡ್ಡದು ಕೊರಕಲಿನ ತಲೆಗೆ ಹತ್ತು ಮೀಟರ್ ಇರುವಾಗ ನಿಂತಿತು. ಮೂಗು ಮೇಲೆತ್ತಿ ಎರಡು ನಿಮಿಷ ಪಡುವಣಕ್ಕೆ ಮುಖ ಮಾಡಿ ಗಾಳಿ ಓದಿತು. ಅದು ಓದಿದ ಗಾಳಿಯಲ್ಲಿ ಮನುಷ್ಯ ಇರಲಿಲ್ಲ. ಮತ್ತೆ ನಡೆಯಿತು, ಅಡ್ಡ ರೆಂಬೆಯ ಹಿಂದೆಯೇ ಹಾದುಹೋದ್ದರಿಂದ ಅದಕ್ಕೆ ಬಾಣ ಬಿಡಲಾಗಲಿಲ್ಲ. ಎರಡನೇ ಹೆಣ್ಣು ಸಂದಿನಲ್ಲಿ, 19 ಮೀಟರ್ ದೂರದಲ್ಲಿ, ಪಕ್ಕೆ ಪೂರಾ ತೋರಿಸಿ ನಿಂತಿತು. ಬಾಣ ಎರಡೂ ಶ್ವಾಸಕೋಶ ದಾಟಿತು. ಜಿಂಕೆ ಸುಮಾರು 70 ಮೀಟರ್ ಓಡಿ ಬಿತ್ತು. ಅರ್ಧ ಗಂಟೆ ಬಿಟ್ಟು ಇಳಿದು ರಕ್ತದ ಗುರುತು ಹಿಡಿದು ಹೋದರು.

ದೊಡ್ಡ ಹೆಣ್ಣು ಮತ್ತು ಮರಿಗಳು ಓಡಿದವು, ಆದರೆ ಫುಸ್ ಎನ್ನಲಿಲ್ಲ. ಬೇಟೆಗಾರರು ಟಿಪ್ಪಣಿಯಲ್ಲಿ ಅಡಿಗೆರೆ ಹಾಕಿದ್ದು ಇದಕ್ಕೆ. ಸದ್ದಿಗೆ ಬೆದರಿದ ಜಿಂಕೆ ಕೆಲವು ದಿನಕ್ಕೆ ಮರೆಯುತ್ತದೆ. ಮನುಷ್ಯನ ವಾಸನೆಯನ್ನು ಒಂದು ಮರದ ಜೊತೆ ತಳುಕುಹಾಕಿಕೊಂಡ ಜಿಂಕೆ ಆ ಋತುವಿಡೀ ಆ ಮರವನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತದೆ.

ಮರುದಿನ ಸಂಜೆ 5ರೊಳಗೆ ರಾಜ್ಯದ ವ್ಯವಸ್ಥೆಯಲ್ಲಿ ನೋಂದಣಿ ಆಯಿತು. ಜಿಂಕೆಗಳ ಮೆದುಳು ತಿನ್ನುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಮೊದಲು ಪತ್ತೆಯಾದದ್ದು ಈ ರಾಜ್ಯದ ದಕ್ಷಿಣ ಭಾಗದಲ್ಲೇ. ಹಾಗಾಗಿ ಕುತ್ತಿಗೆಯ ಗ್ರಂಥಿಯ ಮಾದರಿ ಪರೀಕ್ಷೆಗೆ ಹೋಯಿತು, ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ ಮುಟ್ಟದೆ ಉಳಿಯಿತು. ಮೇವು ಹಾಕಿ ಜಿಂಕೆ ಕರೆಯುವ ಉಪಾಯಕ್ಕೆ ಅಲ್ಲಿ ಅವಕಾಶವಿಲ್ಲದಿರುವುದಕ್ಕೂ ಇದೇ ರೋಗ ಕಾರಣ.

ಮೋಡದ ಸಂಜೆ

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ‘ಪಡುವಣ ಗಾಳಿಗೆ ಈ ಮರ’ ಎಂದು ಬರೆದಿಡಬಹುದಿತ್ತು. ಬಂದೂಕಿನ ಋತು ಶುರುವಾಗುವ ಮುಂಚೆ ಇನ್ನೊಂದು ಟ್ಯಾಗ್ ತುಂಬಲೆಂದು ನವೆಂಬರ್ 14ರಂದು ಮತ್ತೆ ಹೋದರು. ಗಾಳಿ 275 ಡಿಗ್ರಿ. ಅದೇ ದಾರಿ, ಅದೇ ಲೆಕ್ಕದ ಹೊತ್ತು. ಎರಡು ವ್ಯತ್ಯಾಸ: ವೇಗ 9 ಕಿಲೋಮೀಟರ್, ಬಾನಿನ ತುಂಬ ಮೋಡ.

ಮೋಡವಿದ್ದರೆ ಹಗಲು ಇಳಿಜಾರು ಕಾಯುವುದಿಲ್ಲ, ಸಂಜೆ ಬೇಗ ತಣಿಯುವುದೂ ಇಲ್ಲ. ಗಾಳಿ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಲ್ಲುತ್ತದೆ. ಕೊರಕಲು ಎಳೆಯಲಿಲ್ಲ. ಎಳೆಗಳು ಮರದ ಸುತ್ತ ಇಪ್ಪತ್ತು ಮೀಟರಿನೊಳಗೆ ಎಲ್ಲ ದಿಕ್ಕಿಗೂ ತೇಲಿ ಬಿದ್ದವು. 3.40ಕ್ಕೆ ಇದನ್ನು ಕಣ್ಣಾರೆ ನೋಡಿಯೂ ಅವರು ಇಳಿಯಲಿಲ್ಲ. ಐದು ದಿನದ ಹಿಂದಿನ ಗೆಲುವು ಅಲ್ಲೇ ಕೂರಿಸಿತ್ತು. 4.05ಕ್ಕೆ ಜಾಡಿನ ಮೇಲೆ, 25 ಮೀಟರ್ ದೂರದಲ್ಲಿ, ಹೆಣ್ಣೊಂದು ಮುಂಗಾಲು ಎತ್ತಿ ನೆಲಕ್ಕೆ ಬಡಿಯಿತು, ಫುಸ್ ಎಂದಿತು, ಹೋಯಿತು. ಅದರ ನಂತರ ಆ ವರ್ಷ ಕೊರಕಲಿನ ತಲೆಯ ಕ್ಯಾಮೆರಾದಲ್ಲಿ ಹಗಲಿನ ಚಿತ್ರ ಒಂದೂ ಬರಲಿಲ್ಲ.

ಜಮೀನುದಾರರ ಕೊಟ್ಟಿಗೆಯ ಬಾಗಿಲ ಹಿಂದೆ ಈಗ ಒಂದು ರಟ್ಟು ತೂಗುತ್ತದೆ. ಕೊರಕಲಿನ ಮರದ ಎದುರು ಬರೆದಿರುವುದು: ಗಾಳಿ 260ರಿಂದ 320, ವೇಗ 11ರಿಂದ 20, ಬಾನು ತಿಳಿ, ಸೂರ್ಯಾಸ್ತಕ್ಕೆ 110 ನಿಮಿಷ ಇರುವಾಗ ತೊರೆಯಿಂದ ಹೊರಡುವುದು, 85ರೊಳಗೆ ಹತ್ತಿ ಕೂರುವುದು, ವಾಪಸು ಕೊರಕಲಿನಲ್ಲೇ. 60 ನಿಮಿಷ ಇರುವಾಗ ಎಳೆ ಕೊರಕಲಿಗೆ ಇಳಿಯದಿದ್ದರೆ ಇಳಿದು ಮನೆಗೆ. ಒಂದು ಋತುವಿನಲ್ಲಿ ಮೂರು ಸಲಕ್ಕಿಂತ ಹೆಚ್ಚು ಬೇಡ. ಹೊಲದಂಚಿನ ಓಕ್ ಮರದ ಎದುರು ಒಂದು ಅಡ್ಡಗೆರೆ. ಬೆಳಗಿನ ಬೇಟೆಗೆ ಎಂದು ಬಿಟ್ಟ ಜಾಗ ಇನ್ನೂ ಖಾಲಿ ಇದೆ, ಏಕೆಂದರೆ ನಸುಕಿನಲ್ಲಿ ಮೇಯುತ್ತಿರುವ ಜಿಂಕೆಗಳ ನಡುವೆ ಹಾಯದೆ ಆ ಇಳಿಜಾರಿಗೆ ಹೋಗುವ ದಾರಿ ಜಮೀನಿನಲ್ಲಿ ಇಲ್ಲ.